ಚೀನಾದ ಹಬ್ಬಗಳಿಗೆ ಮೊಬೈಲ್ ಬಂದ್ಮೇಲೆ ಏನಾಯ್ತು: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಗೋಸ್ಕರ ಶೆನ್‌ಝೆನ್‌ನಲ್ಲಿ ಎಲೆಕ್ಟ್ರಾನಿಕ್ ಪಾರ್ಟ್ಸ್ ಖರೀದಿ ನೋಡ್ಕೊಂಡು ಕೆಲವು ವರ್ಷ ಇದ್ದೆ. ವಾಪಸ್ ಬಂದಾಗಿಂದ ನೆಂಟರು, ಫ್ರೆಂಡ್ಸು, ಪೀಣ್ಯದ ಕಡೆ ವ್ಯವಹಾರ ಮಾಡೋರು ಎಲ್ರೂ ಕೇಳಿದ್ದನ್ನೇ ಕೇಳ್ತಾರೆ. ಏನು ತಿಂತಿದ್ರಿ ಅನ್ನೋದೊಂದು, ಅದಕ್ಕೆ ಉತ್ತರ ಅನ್ನ ಮತ್ತು ಟೊಮೇಟೊ ಮೊಟ್ಟೆ ಪಲ್ಯ, ಅಲ್ಲಿಗೆ ಮುಗೀತು. ಉಳಿದಿದ್ದು ಹಬ್ಬದ ಪ್ರಶ್ನೆಗಳು, ಅವುಗಳಿಗೆ ಒಂದ್ಸಲ ಕೂತು ಬರೆದುಬಿಡೋಣ ಅಂತ.

ಅವರ ಹೊಸ ವರ್ಷ ಪ್ರತಿ ಸಲ ಬೇರೆ ಬೇರೆ ಡೇಟಿಗೆ ಯಾಕೆ ಬರತ್ತೆ?

ನಮ್ಮ ಯುಗಾದಿ ಯಾಕೆ ಹಿಂದೆ ಮುಂದೆ ಆಗತ್ತೋ ಅದಕ್ಕೇ. ಅವರ ಲೆಕ್ಕದಲ್ಲೂ ಅಧಿಕ ಮಾಸ ಇದೆ, ತಿಂಗಳು ಶುರುವಾಗೋದು ಅಮಾವಾಸ್ಯೆಯಿಂದ. ಹಬ್ಬ ಜನವರಿ 21 ಮತ್ತು ಫೆಬ್ರವರಿ 20ರ ಮಧ್ಯೆ ಯಾವತ್ತಾದ್ರೂ ಬರತ್ತೆ. 2025ರಲ್ಲಿ ಜನವರಿ 29ಕ್ಕೆ ಬಂತು, ಅವತ್ತು ನಮ್ಮಲ್ಲಿ ಅವರಾತ್ರಿ ಅಮಾವಾಸ್ಯೆ. ಅವರು ಇದನ್ನ ಚುನ್‌ಜಿಯೆ ಅಂತಾರೆ, ವಸಂತದ ಹಬ್ಬ ಅಂತ ಅರ್ಥ, ಚಳಿ ಮಾತ್ರ ಮೂಳೆ ಕೊರೀತಾ ಇರತ್ತೆ.

ಆ ಕೆಂಪು ಲಕೋಟೆ ಕಥೆ ಏನು, ಅದನ್ನ ಮೊಬೈಲಲ್ಲಿ ಹೆಂಗೆ ಕೊಡ್ತಾರೆ?

ಎಲ್ರೂ ಕೇಳೋ ಪ್ರಶ್ನೆ ಇದೇ, ಹಂಗಾಗಿ ಸ್ವಲ್ಪ ಉದ್ದ ಆಗತ್ತೆ. ಹಬ್ಬಕ್ಕೆ ದೊಡ್ಡೋರು ಮಕ್ಕಳಿಗೆ ಕೆಂಪು ಕಾಗದದ ಲಕೋಟೆಲಿ ದುಡ್ಡು ಹಾಕಿ ಕೊಡ್ತಾರೆ, ಲಕೋಟೆಗೆ ಹೋಂಗ್‌ಬಾವ್ ಅಂತ ಹೆಸರು. ಹಳೇ ಕಾಲದಲ್ಲಿ ಮಕ್ಕಳ ದಿಂಬಿನ ಕೆಳಗೆ ಇಡ್ತಿದ್ರು, ಪೀಡೆ ಪಿಶಾಚಿ ಹತ್ರ ಬರಬಾರದು ಅಂತ. ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಕಡೆ ಇನ್ನೊಂದು ರೂಢಿ ಇದೆ, ಮದುವೆ ಆದೋರು ಮದುವೆ ಆಗದೇ ಇರೋರಿಗೆ ಕೊಡಬೇಕು, ಬಾಸ್ ಕೆಲಸದೋರಿಗೆ ಕೊಡಬೇಕು, ಅಪಾರ್ಟ್‌ಮೆಂಟ್ ವಾಚ್‌ಮನ್‌ಗೂ ಕೊಡಬೇಕು. ಮೊತ್ತ ಸಣ್ಣದು, ಐದೋ ಹತ್ತೋ ಯುವಾನ್, ಆದ್ರೆ ಕೊಡ್ಲೇಬೇಕು.

ವೀಚಾಟ್ ಅಂದ್ರೆ ಅಲ್ಲಿನ ವಾಟ್ಸಾಪ್ ಥರದ ಆಪ್, ಅದನ್ನ ಮಾಡೋ ಟೆನ್ಸೆಂಟ್ ಕಂಪನಿ ಇರೋದು ಶೆನ್‌ಝೆನ್‌ನಲ್ಲಿ, ಅಂದ್ರೆ ಗ್ವಾಂಗ್‌ಡಾಂಗ್‌ನಲ್ಲೇ. ಅಲ್ಲೂ ರಜೆ ಮುಗಿಸಿ ಬಂದ ಮೊದಲನೇ ದಿನ ಬಾಸ್‌ಗಳು ಲಕೋಟೆ ಹಂಚ್ತಾರೆ, ಉದ್ದಕ್ಕೆ ಕ್ಯೂ ನಿಲ್ಲತ್ತೆ. ಇದನ್ನೇ ಆಪ್ ಒಳಗೆ ಹಾಕಿ 2014ರ ಹಬ್ಬಕ್ಕೆ ಸರಿಯಾಗಿ ಬಿಟ್ರು. ಬರೀ ದುಡ್ಡು ಕಳಿಸೋ ವ್ಯವಸ್ಥೆ ಆಗಿದ್ರೆ ಯಾರೂ ಮೂಸಿ ನೋಡ್ತಿರಲಿಲ್ಲ, ಅವರು ಅದರೊಳಗೆ ಲಾಟರಿ ಸೇರಿಸಿದ್ರು. ನೀವು ಗ್ರೂಪಿಗೆ 50 ಯುವಾನ್ ಹಾಕಿ 10 ಜನಕ್ಕೆ ಅಂತ ಒತ್ತಿದ್ರೆ ಸಿಸ್ಟಮ್ಮೇ ಅದನ್ನ ಹೆಂಗೆಂಗೋ ಒಡೆಯತ್ತೆ, ಒಬ್ಬನಿಗೆ 17 ಯುವಾನ್ ಬಂದ್ರೆ ಇನ್ನೊಬ್ಬನಿಗೆ 0.34 ಬರತ್ತೆ, ಹನ್ನೊಂದನೇ ಅವನಿಗೆ ಕೈಗೆ ಚಿಪ್ಪು. ಜಾಸ್ತಿ ಸಿಕ್ಕಿದವನ ಹೆಸರಿನ ಪಕ್ಕ "ಇವತ್ತು ಇವನದೇ ಅದೃಷ್ಟ" ಅನ್ನೋ ಥರ ಒಂದು ಗುರುತು ಬರತ್ತೆ, ತುಂಬಾ ಗ್ರೂಪ್‌ಗಳಲ್ಲಿ ಮುಂದಿನ ಲಕೋಟೆ ಅವನೇ ಹಾಕಬೇಕು ಅಂತ ರೂಲ್ಸು. ಹಿಂಗೆ ಒಂದು ಲಕೋಟೆ ಇನ್ನೊಂದನ್ನ ಹುಟ್ಟಿಸ್ತಾ ರಾತ್ರಿ ಪೂರ್ತಿ ಓಡತ್ತೆ. ಲಕೋಟೆ ಒಡೀಬೇಕು ಅಂದ್ರೆ ಅದರ ಹಿಂದೆ ವೀಚಾಟ್ ಪೇ ಬೇಕು, ಬಂದ ದುಡ್ಡನ್ನ ಹೊರಗೆ ತೆಗೀಬೇಕು ಅಂದ್ರೆ ಬ್ಯಾಂಕ್ ಅಕೌಂಟ್ ಜೋಡಿಸಬೇಕು, ಜನ ತಾವಾಗೇ ಜೋಡಿಸಿದ್ರು. ಎದುರಾಳಿ ಅಲಿಬಾಬಾ ಕಂಪನಿಯ ಜಾಕ್ ಮಾ ಇದನ್ನ ಪರ್ಲ್ ಹಾರ್ಬರ್ ದಾಳಿ (ಹೇಳದೆ ಕೇಳದೆ ಮೇಲೆ ಬಿದ್ದಿದ್ದು) ಅಂತ ಕರೆದಿದ್ದು ಸುಮ್ನೆ ಅಲ್ಲ, ವರ್ಷಗಟ್ಟಲೆ ಅವರು ಕಟ್ಟಿಕೊಂಡು ಬಂದಿದ್ದ ಪೇಮೆಂಟ್ ಕೋಟೆಗೆ ಒಂದು ಹಬ್ಬದಲ್ಲಿ ಕನ್ನ ಬಿತ್ತು.

ಮಾರನೇ ವರ್ಷ, 2015ರಲ್ಲಿ, ಹಬ್ಬದ ರಾತ್ರಿ ಟಿವಿ ಕಾರ್ಯಕ್ರಮದ ಜೊತೆ ಸೇರಿ "ಫೋನ್ ಅಲ್ಲಾಡಿಸಿ, ದುಡ್ಡು ಗೆಲ್ಲಿ" ಅಂತ ಮಾಡಿದ್ರು. 50 ಕೋಟಿ ಯುವಾನ್ ಲಕೋಟೆಗಳು, ಜನ ಫೋನ್ ಅಲ್ಲಾಡಿಸಿದ್ದು ಒಟ್ಟು 1,100 ಕೋಟಿ ಸಲ, ಒಂದೊಂದು ನಿಮಿಷಕ್ಕೆ 81 ಕೋಟಿವರೆಗೂ ಹೋಗಿತ್ತಂತೆ. ಅವತ್ತು ಒಂದೇ ದಿನ ಜನ ಒಬ್ಬರಿಗೊಬ್ಬರು ಕಳಿಸಿದ ಲಕೋಟೆಗಳು 100 ಕೋಟಿ ದಾಟಿದ್ವು. ಕಾಗದ ಅಂಟಿಸ್ಕೊಂಡು ಕೂತಿದ್ರೆ ಆಗ್ತಿತ್ತಾ ಹೇಳಿ.

ಎಷ್ಟು ದುಡ್ಡು ಹಾಕಬೇಕು, ಯಾವ ನಂಬರ್ ಆಗಲ್ಲ?

ವೀಚಾಟ್‌ನಲ್ಲಿ ಒಂದು ಲಕೋಟೆಗೆ 200 ಯುವಾನ್ ಮಿತಿ, ಒಂದು ದಿನದೊಳಗೆ ತೆಗೀದಿದ್ರೆ ಹಾಕಿದವನಿಗೇ ವಾಪಸ್ ಹೋಗತ್ತೆ. ನಂಬರ್ ವಿಷಯಕ್ಕೆ ಬಂದ್ರೆ 6 ಒಳ್ಳೇದು, 8 ತುಂಬಾ ಒಳ್ಳೇದು, ಹಂಗಾಗಿ 8.88, 66.66, 88 ಇಂಥವೇ ಜಾಸ್ತಿ ಓಡಾಡ್ತವೆ. 4 ಬೇಡವೇ ಬೇಡ, ಅದರ ಉಚ್ಚಾರ ಸಾವು ಅನ್ನೋ ಶಬ್ದದ ಥರ ಇದೆ. ಕಾಗದದ ಕಾಲದಲ್ಲಿ 8.88 ಕೊಡೋಕೆ ಚಿಲ್ಲರೆ ಹುಡುಕಬೇಕಿತ್ತು, ಈಗ ಪೈಸೆ ಲೆಕ್ಕದಲ್ಲೂ ಶಕುನ ನೋಡ್ತಾರೆ. ಅಂದ್ರೆ ಟೆಕ್ನಾಲಜಿ ಬಂದು ನಂಬಿಕೆ ಕಮ್ಮಿ ಆಗಲಿಲ್ಲ, ಎರಡು ದಶಮಾಂಶ ಸ್ಥಾನ ಮುಂದಕ್ಕೆ ಹೋಯ್ತು.

ನಾನೊಂದ್ಸಲ ಎಡವಟ್ಟು ಮಾಡ್ಕೊಂಡೆ. ಆಫೀಸಲ್ಲಿ ಒಬ್ಬನ ಮದುವೆಗೆ ಎಲ್ರೂ ಸೇರಿ ಗಿಫ್ಟ್ ಕೊಡೋದಿತ್ತು, ನನ್ನ ಪಾಲು ಲೆಕ್ಕ ಹಾಕಿ ಸರಿಯಾಗಿ 250 ಯುವಾನ್ ಟ್ರಾನ್ಸ್‌ಫರ್ ಮಾಡಿದೆ. ದುಡ್ಡು ಕಲೆಕ್ಟ್ ಮಾಡ್ತಿದ್ದೋಳು ಐದು ನಿಮಿಷ ನಕ್ಕು, "ಇನ್ನೊಂದು ಯುವಾನ್ ಹಾಕಪ್ಪ" ಅಂತ ಮೆಸೇಜ್ ಮಾಡಿದ್ಲು. ಅವರ ಭಾಷೆಲಿ ಇನ್ನೂರೈವತ್ತು ಅಂದ್ರೆ ಪೆದ್ದ. ನಮ್ಮಲ್ಲಿ ಮುಯ್ಯಿಗೆ 500ರ ಮೇಲೆ ಒಂದು ರೂಪಾಯಿ ಇಡ್ತೀವಲ್ಲ, ಆ ಅಭ್ಯಾಸ ಇಟ್ಕೊಂಡಿದ್ರೆ ಬಚಾವಾಗ್ತಿದ್ದೆ.

ಐದು ಕಾರ್ಡ್ ಸೇರಿಸೋ ಆಟ ಅಂದ್ರೆ ಏನು?

ಅದು ಅಲಿಬಾಬಾದ ಪೇಮೆಂಟ್ ಆಪ್ ಅಲಿಪೇ ಕಡೆಯವರು ವೀಚಾಟ್‌ಗೆ ಕೊಟ್ಟ ಉತ್ತರ, 2016ರಲ್ಲಿ ಶುರು. ಚೀನಾದ ಮನೆ ಬಾಗಿಲಿಗೆ ಫು ಅನ್ನೋ ಅಕ್ಷರ ಅಂಟಿಸ್ತಾರೆ, ಸೌಭಾಗ್ಯ ಅಂತ ಅರ್ಥ, ನಮ್ಮ ಹೊಸ್ತಿಲ ಮೇಲಿನ ಶುಭ ಲಾಭ ಇದ್ದಂಗೆ. ಅಂಥ ಐದು ಥರದ ಫು ಕಾರ್ಡ್ ಆಪ್‌ನಲ್ಲಿ ಕೂಡಿಸಿದ್ರೆ ದೊಡ್ಡ ಮೊತ್ತದಲ್ಲಿ ಪಾಲು. ನಾಲ್ಕು ಸುಲಭವಾಗಿ ಸಿಗ್ತಿದ್ವು, ಐದನೇದು, ಕಾಯಕನಿಷ್ಠೆಯ ಕಾರ್ಡ್, ದೇಶಕ್ಕೆ ದೇಶವೇ ಹುಡುಕಿದ್ರೂ ಸಿಗ್ತಿರಲಿಲ್ಲ. ಆ ವರ್ಷ ಐದೂ ಸೇರಿಸಿದೋರು 7,91,405 ಜನ, ತಲಾ 271.66 ಯುವಾನ್ ಬಂತು. ಮಾರನೇ ವರ್ಷದಿಂದ ಗೋಡೆ ಮೇಲಿನ ನಿಜವಾದ ಫು ಅಕ್ಷರಕ್ಕೆ ಕ್ಯಾಮೆರಾ ಹಿಡಿದ್ರೆ ಕಾರ್ಡ್ ಸಿಗೋ ಹಂಗೆ ಮಾಡಿದ್ರು, ಆಗ ನೋಡಬೇಕಿತ್ತು, ಕಂಡೋರ ಮನೆ ಬಾಗಿಲ ಮುಂದೆಲ್ಲ ಜನ ಫೋನ್ ಹಿಡ್ಕೊಂಡು ನಿಂತಿದ್ರು. ನನಗೆ ಇದರಲ್ಲಿ ಇಷ್ಟ ಆಗಿದ್ದು ಒಂದೇ, ಕುಂಚ ಹಿಡಿದು ಅಭ್ಯಾಸ ಇಲ್ಲದ ಹುಡುಗರು ಸ್ಕ್ಯಾನ್ ಮಾಡೋಕೋಸ್ಕರ ತಾವೇ ಕೈಯಾರೆ ಫು ಬರೆದುಕೊಳ್ತಿದ್ರು.

ದೊಡ್ಡೋರು, ಅಜ್ಜಿ ತಾತಂದಿರು ಇದಕ್ಕೆ ಹೊಂದ್ಕೊಂಡ್ರಾ?

ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ಒಂದು ವರ್ಷ ಸಹೋದ್ಯೋಗಿಯೊಬ್ಬಳು ಹುನಾನ್‌ನಲ್ಲಿರೋ ಅವಳ ಹಳ್ಳಿಗೆ ಹಬ್ಬಕ್ಕೆ ಕರ್ಕೊಂಡು ಹೋದ್ಲು. ಚೌಕದ ಟೇಬಲ್, ಅದರ ಕೆಳಗೆ ಕೆಂಡ, ಮೇಲೆ ದಪ್ಪ ರಜಾಯಿ, ಎಲ್ರೂ ಕಾಲು ಒಳಗಿಟ್ಕೊಂಡು ಸುತ್ತ ಕೂರೋದು. ತೊಲೆಯಿಂದ ಹೊಗೆ ಕುಡಿದು ಕಪ್ಪಾದ ಮಾಂಸ ನೇತಾಡ್ತಿತ್ತು. ಟಿವಿಲಿ ಕಾರ್ಯಕ್ರಮ ಜೋರಾಗಿ ಓಡ್ತಾ ಇತ್ತು, ನೋಡೋರು ಯಾರೂ ಇಲ್ಲ, ಆರು ಹೆಬ್ಬೆರಳು ಆರು ಫೋನ್ ಮೇಲೆ. ಮನೆಯವರ ಗ್ರೂಪಿಗೆ ಯಾರೋ ಲಕೋಟೆ ಹಾಕಿದ ತಕ್ಷಣ ಅದೇ ಟೇಬಲ್ ಸುತ್ತ ಕೂತಿರೋ ಆರೂ ಜನ ಒಟ್ಟಿಗೆ ಕಿರುಚೋರು.

ಅಜ್ಜಿಗೆ ಎಂಬತ್ತರ ಮೇಲೆ. ಮೊಮ್ಮಗ ಫೋನ್ ಕೊಡಿಸಿದ್ದ, ಅವರು ಅದನ್ನ ಕೈ ಪೂರ್ತಿ ಚಾಚಿ ಹಿಡಿದು, ತೋರುಬೆರಳನ್ನ ಒಲೆ ಬಿಸಿ ನೋಡೋ ಹಂಗೆ ಹತ್ರ ತಂದು ತಂದು ಒತ್ತೋ ಹೊತ್ತಿಗೆ ಲಕೋಟೆ ಖಾಲಿ. ಮೂರು ಸಲ ಹಿಂಗೇ ಆಯ್ತು. ನಾಲ್ಕನೇ ಸಲ ಎಲ್ರೂ ಬೇಕಂತ ಕೈ ಕಟ್ಕೊಂಡು ಕಾದ್ರು, ಅಜ್ಜಿಗೆ 1.26 ಯುವಾನ್ ಸಿಕ್ತು, ಇಡೀ ಮನೆಗೆ ಖುಷಿ. ಆಮೇಲೆ ಮಲಗೋಕೆ ಮುಂಚೆ ಅಜ್ಜಿ ಒಳಗೆ ಹೋಗಿ ಬಂದು ಮಕ್ಕಳಿಗೆಲ್ಲ ಒಂದೊಂದು ಕಾಗದದ ಲಕೋಟೆ ಕೊಟ್ರು, ನನಗೂ ಒಂದು. ಒಳಗಿದ್ದ ನೋಟು ಎಷ್ಟು ಗರಿಗರಿ ಅಂದ್ರೆ ಬ್ಯಾಂಕಿಗೆ ಹೋಗಿ ತಂದಿಟ್ಕೊಂಡಿದ್ದಾರೆ ಅಂತ ಗೊತ್ತಾಗ್ತಿತ್ತು. ಲಕೋಟೆ ಇನ್ನೂ ನನ್ನ ಹತ್ರ ಇದೆ, ವೀಚಾಟಲ್ಲಿ ಬಂದ ದುಡ್ಡು ಯಾವ ನೂಡಲ್ಸಿಗೆ ಹೋಯ್ತೋ ನೆನಪಿಲ್ಲ.

ಹಂಗಂತ ಎಲ್ರ ಕಥೆನೂ ಇಷ್ಟು ಸಿಹಿ ಅಲ್ಲ. ಆಸ್ಪತ್ರೆ, ಬಸ್ಸು, ಅಂಗಡಿ ಎಲ್ಲದಕ್ಕೂ ಫೋನ್ ಬೇಕಾದಾಗ ಫೋನ್ ಬಾರದೋರು ನಿಜವಾಗಲೂ ಕಷ್ಟಪಟ್ರು, 2020ರ ನವೆಂಬರ್‌ನಲ್ಲಿ ಸರ್ಕಾರವೇ ವಯಸ್ಸಾದೋರಿಗೆ ಹಳೇ ಪದ್ಧತಿನೂ ಉಳಿಸಬೇಕು ಅಂತ ಯೋಜನೆ ಹೊರಡಿಸಬೇಕಾಯ್ತು.

ಇದರಿಂದ ಜೂಜು, ಲಂಚ ಇಂಥದ್ದೇನೂ ಆಗಲ್ವಾ?

ಆಗತ್ತೆ. ಅದೃಷ್ಟದ ಲಕೋಟೆ ಅಂದ್ಮೇಲೆ ಕೊನೇ ಅಂಕಿ ಮೇಲೆ ಬಾಜಿ ಕಟ್ಟೋ ಗ್ರೂಪ್‌ಗಳು ಹುಟ್ಟಿಕೊಂಡ್ವು, ಪೊಲೀಸರು ಹಿಡಿದ್ರು. ಅಧಿಕಾರಿಗಳು ಹಬ್ಬದ ನೆಪದಲ್ಲಿ ಡಿಜಿಟಲ್ ಲಕೋಟೆ ತಗೋಬಾರದು ಅಂತಾನೂ ಕಮ್ಯುನಿಸ್ಟ್ ಪಾರ್ಟಿಯ ಶಿಸ್ತು ಸಮಿತಿ ಎಚ್ಚರಿಕೆ ಕೊಟ್ಟಿತ್ತು.

ಹಬ್ಬಕ್ಕೆ ಊರಿಗೆ ಹೋಗೋ ಆ ಜನಜಂಗುಳಿ ಈಗಲೂ ಇದೆಯಾ?

ಇದೆ, ಚುನ್‌ಯುನ್ ಅಂತಾರೆ, ಹಬ್ಬಕ್ಕೆ ಮುಂಚೆ 15 ದಿನ, ಆಮೇಲೆ 25 ದಿನ, ಒಟ್ಟು 40 ದಿನದ ಓಡಾಟ. ದೀಪಾವಳಿ ಹಿಂದಿನ ದಿನ ಮೆಜೆಸ್ಟಿಕ್ ನೋಡಿದೀರಲ್ಲ, ಅದನ್ನ ಒಂದು ದೇಶದ ಅಳತೆಗೆ ಹಿಗ್ಗಿಸಿ. ಮೊದಲು ಟಿಕೆಟ್‌ಗೆ ಸ್ಟೇಷನ್ ಮುಂದೆ ರಾತ್ರಿಯೆಲ್ಲಾ ಹಾಸಿಗೆ ಹಾಸ್ಕೊಂಡು ಕ್ಯೂ ನಿಲ್ತಿದ್ರು. 2011ರಲ್ಲಿ 12306 ಅನ್ನೋ ರೈಲ್ವೆ ವೆಬ್‌ಸೈಟಲ್ಲಿ ಆನ್‌ಲೈನ್ ಟಿಕೆಟ್ ಬಂತು, 2012ರ ಜನವರಿಲಿ ಹಬ್ಬದ ರಶ್ಶಿಗೆ ಅದು ಮಕಾಡೆ ಮಲಗ್ತು. ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲದ ಕೂಲಿ ಕಾರ್ಮಿಕರು ಕೌಂಟರಿಗೆ ಬರೋ ಹೊತ್ತಿಗೆ ಟಿಕೆಟ್ ಎಲ್ಲಾ ಆನ್‌ಲೈನಲ್ಲೇ ಖಾಲಿ ಆಗಿರ್ತಿದ್ವು. ಆಮೇಲೆ ಟಿಕೆಟ್ ಕಸಿಯೋ ಸಾಫ್ಟ್‌ವೇರ್‌ಗಳು, ಅವುಗಳನ್ನ ತಡಿಯೋಕೆ ಚಿತ್ರ ಗುರುತಿಸೋ ಪರೀಕ್ಷೆ, ಆ ಚಿತ್ರಗಳು ಎಷ್ಟು ಮಸುಕು ಅಂದ್ರೆ ಮನುಷ್ಯರೇ ಫೇಲ್. 2019ರಿಂದ ವೇಟಿಂಗ್ ಲಿಸ್ಟ್ ಬಂತು (ನಮಗೆ ಇದು ಅಜ್ಜನ ಕಾಲದಿಂದ ಗೊತ್ತು, ಅವರಿಗೆ ಹೊಸದು!), 2020ರ ಹೊತ್ತಿಗೆ ಕಾಗದದ ಟಿಕೆಟ್ ಇಲ್ಲದೆ ಐಡಿ ಕಾರ್ಡ್ ಉಜ್ಜಿ ಒಳಗೆ ಹೋಗೋದು.

ಆದ್ರೆ ನಿಜವಾದ ಬದಲಾವಣೆ ಬುಲೆಟ್ ರೈಲು. 2024ರ ಕೊನೆಗೆ 48,000 ಕಿಲೋಮೀಟರ್ ಹೈಸ್ಪೀಡ್ ಲೈನ್. 2009ರ ಡಿಸೆಂಬರ್‌ನಲ್ಲಿ ವುಹಾನ್‌ನಿಂದ ಗ್ವಾಂಗ್‌ಝೌಗೆ ಲೈನ್ ಶುರುವಾದಾಗ ಹತ್ತು ಗಂಟೆಗೂ ಜಾಸ್ತಿ ಹಿಡೀತಿದ್ದ ದಾರಿ ಮೂರು ಗಂಟೆಗೆ ಬಂತು. ಅದಕ್ಕೂ ಮುಂಚೆ ಟಿಕೆಟ್ ಸಿಗದ ಕಾರ್ಮಿಕರು ಗ್ವಾಂಗ್‌ಡಾಂಗ್ ಫ್ಯಾಕ್ಟರಿಗಳಿಂದ ಗ್ವಾಂಗ್‌ಶಿ, ಗ್ವೇಝೌ ಕಡೆಗೆ ಬೈಕಲ್ಲೇ ಹೋಗ್ತಿದ್ರು, ಹೆಂಡತಿ ಹಿಂದೆ, ಮಗು ಮಧ್ಯೆ, ಮೈಗೆಲ್ಲಾ ಪ್ಲಾಸ್ಟಿಕ್ ಸುತ್ಕೊಂಡು ಮಳೆ ಚಳಿಲಿ ನೂರಾರು ಕಿಲೋಮೀಟರ್. ಪೊಲೀಸರು ದಾರಿಲಿ ಟೆಂಟ್ ಹಾಕಿ ಬಿಸಿ ಗಂಜಿ ಕೊಡ್ತಿದ್ರು. 2014ರ ಕೊನೆಗೆ ಆ ಕಡೆಗೂ ಹೈಸ್ಪೀಡ್ ಲೈನ್ ಬಂತು, ಬೈಕ್ ಸೈನ್ಯ ವರ್ಷದಿಂದ ವರ್ಷಕ್ಕೆ ಕರಗ್ತು. ಹಬ್ಬಕ್ಕೆ ಟೆಕ್ನಾಲಜಿ ಒಳ್ಳೇದು ಮಾಡ್ತಾ ಕೆಟ್ಟದ್ದು ಮಾಡ್ತಾ ಅಂತ ಕೇಳೋರಿಗೆ ನಾನು ಯಾವಾಗ್ಲೂ ಹೇಳೋದು ಇದನ್ನೇ: ಫೋನು ಊರಿಗೆ ಬರದೇ ಇರೋಕೆ ಒಂದು ನೆಪ ಕೊಡ್ತು, ರೈಲು ಆ ನೆಪ ಕಿತ್ಕೊಳ್ತು. ಎರಡೂ ಒಂದೇ ಹತ್ತು ವರ್ಷದಲ್ಲಿ ಆಯ್ತು. ಈಗಂತೂ ಉಲ್ಟಾ ಪ್ರಯಾಣನೂ ಇದೆ, ಅಪ್ಪ ಅಮ್ಮನೇ ಮಕ್ಕಳಿರೋ ಸಿಟಿಗೆ ಹಬ್ಬಕ್ಕೆ ಬರ್ತಾರೆ, ಆ ದಿಕ್ಕಿನ ಟಿಕೆಟ್ ಸುಲಭವಾಗಿ ಸಿಗತ್ತೆ.

ಪಟಾಕಿ ಬದಲು ಡ್ರೋನ್ ಬಂದಿದೆಯಂತೆ, ಹೌದಾ?

ಅರ್ಧ ಹೌದು. ಬೀಜಿಂಗ್‌ನಲ್ಲಿ 1993ರಲ್ಲಿ ಪಟಾಕಿ ಬ್ಯಾನ್ ಮಾಡಿ, ಜನ ಹಬ್ಬ ಸಪ್ಪೆ ಆಯ್ತು ಅಂತ ಗೊಣಗಿದ್ಮೇಲೆ 2005ರಲ್ಲಿ ಸಡಿಲ ಮಾಡಿ, ಹೊಗೆ ಜಾಸ್ತಿ ಆಯ್ತು ಅಂತ 2018ರ ಹಬ್ಬದ ಹೊತ್ತಿಗೆ ಐದನೇ ರಿಂಗ್ ರೋಡ್ ಒಳಗೆ ಮತ್ತೆ ಬ್ಯಾನ್ ಮಾಡಿದ್ರು. ಬೇರೆ ಊರುಗಳಲ್ಲೂ ಹಿಂಗೇ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತಿನ ಕಾನೂನು ವಿಭಾಗ ಸಾರಾಸಗಟು ಬ್ಯಾನ್ ಮಾಡೋದು ಕಾನೂನಿಗೆ ಹೊಂದಲ್ಲ ಅಂತ ಹೇಳಿದ್ಮೇಲೆ ಕೆಲವು ಕಡೆ ಸಡಿಲ ಆಗಿದೆ. ಡ್ರೋನ್‌ಗಳು ಸರ್ಕಾರ ಮಾಡೋ ದೊಡ್ಡ ಶೋಗೆ, 2024ರ ಸೆಪ್ಟೆಂಬರ್‌ನಲ್ಲಿ ಶೆನ್‌ಝೆನ್‌ನಲ್ಲಿ 10,197 ಡ್ರೋನ್ ಒಟ್ಟಿಗೆ ಹಾರಿಸಿ ಗಿನ್ನೆಸ್ ದಾಖಲೆ ಮಾಡಿದ್ರು. ಚೆನ್ನಾಗಿ ಕಾಣ್ಸತ್ತೆ, ಒಪ್ತೀನಿ. ಆದ್ರೆ ಪಟಾಕಿ ಅನ್ನೋದು ನಾನು ಹಚ್ಚೋದು, ಡ್ರೋನ್ ಅನ್ನೋದು ಅವರು ಹಾರಿಸೋದು ನಾವು ನೋಡೋದು. ಅಂಗಡಿ ಮುಂದೆ ಎಲೆಕ್ಟ್ರಾನಿಕ್ ಪಟಾಕಿ ಸರನೂ ನೇತು ಹಾಕ್ತಾರೆ, ಕೆಂಪು ಪ್ಲಾಸ್ಟಿಕ್, ಸ್ವಿಚ್ ಹಾಕಿದ್ರೆ ಲೈಟ್ ಮಿನುಗಿ ಢಬಢಬ ಅನ್ನತ್ತೆ. ಅದರ ಬಗ್ಗೆ ನಾನೇನೂ ಹೇಳಲ್ಲ.

ಟಿವಿಲಿ ರೋಬಾಟ್ ಡ್ಯಾನ್ಸ್ ಮಾಡಿದ ವಿಡಿಯೋ ನಿಜದ್ದಾ?

ನಿಜದ್ದೇ. ಚುನ್‌ವಾನ್ ಅಂತ ಹಬ್ಬದ ರಾತ್ರಿ ಸರ್ಕಾರಿ ಟಿವಿಲಿ 1983ರಿಂದ ಬರೋ ಕಾರ್ಯಕ್ರಮ. 2025ರಲ್ಲಿ ಯೂನಿಟ್ರೀ ಕಂಪನಿಯ 16 ರೋಬಾಟ್‌ಗಳು ಹೂವಿನ ಜಾಕೆಟ್ ತೊಟ್ಟು ಕರ್ಚೀಫ್ ತಿರುಗಿಸ್ತಾ ಯಾಂಗ್‌ಗೆ ಕುಣಿದ್ವು, ಅದು ಉತ್ತರ ಚೀನಾದ ರೈತರ ಕುಣಿತ, ನಿರ್ದೇಶನ ಸಿನಿಮಾದ ಜಾಂಗ್ ಯಿಮೋ.

ಸತ್ತೋರ ಜೊತೆ ಮಾತಾಡೋ ಎಐ ಬಗ್ಗೆ ಹೇಳಿ.

ಇದು ಚಿಂಗ್‌ಮಿಂಗ್ ಹಬ್ಬದ ವಿಷಯ. ಏಪ್ರಿಲ್ 4 ಅಥವಾ 5ಕ್ಕೆ ಹಿರಿಯರ ಸಮಾಧಿಗೆ ಹೋಗಿ, ಕಳೆ ಕಿತ್ತು ಗುಡಿಸಿ, ಹಣ್ಣು ಮದ್ಯ ಇಟ್ಟು, ಕಾಗದದ ದುಡ್ಡು ಸುಟ್ಟು ಬರ್ತಾರೆ, ನಮ್ಮ ಮಹಾಲಯ ಅಮಾವಾಸ್ಯೆ ಎಡೆ ಇದ್ದಂಗೆ ಅಂದ್ಕೊಳ್ಳಿ. ಕಾಗದದ ಮನೆ, ಕಾಗದದ ಕಾರು ಜೊತೆಗೆ ಕಾಗದದ ಐಫೋನ್ ಕೂಡ ಸುಡ್ತಾರೆ, ಚಾರ್ಜರ್ ಸಮೇತ ಸಿಗತ್ತೆ. ಹೋಗೋಕಾಗದೋರು ದುಡ್ಡು ಕೊಟ್ಟು ಬೇರೆಯೋರಿಂದ ಗುಡಿಸಿ ಲೈವ್ ವಿಡಿಯೋಲಿ ನೋಡ್ತಾರೆ, ಇನ್ನು ಕೆಲವರು ವೆಬ್‌ಸೈಟಲ್ಲೇ ದೀಪ ಹಚ್ಚಿ ಹೂವಿಡ್ತಾರೆ, 2020ರಲ್ಲಿ ಕೊರೊನಾ ಟೈಮಲ್ಲಿ ತುಂಬಾ ಊರುಗಳಲ್ಲಿ ಇದೊಂದೇ ದಾರಿ ಇತ್ತು. ಕೆಲವು ಸಮಾಧಿ ಕಲ್ಲಿನ ಮೇಲೆ ಕ್ಯೂಆರ್ ಕೋಡ್ ಇರತ್ತೆ, ಸ್ಕ್ಯಾನ್ ಮಾಡಿದ್ರೆ ತೀರಿಕೊಂಡೋರ ಫೋಟೋ, ದನಿ.

ಎಐ ಬಂದಿದ್ದು ಇದರ ಮುಂದಿನ ಹೆಜ್ಜೆ. ಫೋಟೋ, ವಾಯ್ಸ್ ಮೆಸೇಜ್ ಕೊಟ್ರೆ ತೀರಿಕೊಂಡ ಅಪ್ಪ ಮಾತಾಡೋ ಹಂಗೆ ವಿಡಿಯೋ ಮಾಡಿಕೊಡ್ತಾರೆ, 2024ರ ಚಿಂಗ್‌ಮಿಂಗ್ ಹೊತ್ತಿಗೆ ಆನ್‌ಲೈನ್‌ನಲ್ಲಿ ಹತ್ತಿಪ್ಪತ್ತು ಯುವಾನಿಗೆ ಸಿಗೋಕೆ ಶುರುವಾಗಿತ್ತು. ಎಲ್ರ ಬಾಯಲ್ಲಿ ಬಂದಿದ್ದು ಸೆನ್ಸ್‌ಟೈಮ್ ಅನ್ನೋ ಎಐ ಕಂಪನಿ ಕಟ್ಟಿದ ತಾಂಗ್ ಶಿಯಾವೂ ವಿಷಯ, 2023ರ ಡಿಸೆಂಬರ್‌ನಲ್ಲಿ ತೀರಿಕೊಂಡ್ರು, 2024ರ ಮಾರ್ಚ್‌ನಲ್ಲಿ ಕಂಪನಿಯ ವಾರ್ಷಿಕ ಸಭೆಲಿ ಪರದೆ ಮೇಲೆ ಬಂದು ಎಂದಿನ ಹಂಗೆ ತಮಾಷೆ ಭಾಷಣ ಮಾಡಿದ್ರು. ಕಾನೂನು ಇಲ್ಲ ಅಂತೇನಲ್ಲ, ಒಬ್ಬರ ಮುಖ ದನಿ ಹಿಂಗೆ ಬಳಸೋಕೆ ಅವರ ಒಪ್ಪಿಗೆ ಬೇಕು ಅಂತ 2023ರ ಜನವರಿಯಿಂದ ನಿಯಮ ಇದೆ, ಸತ್ತೋರ ಚಿತ್ರ ದುರುಪಯೋಗ ಆದ್ರೆ ಮನೆಯೋರು ಕೇಸ್ ಹಾಕಬಹುದು. ನನ್ನನ್ನ ಕೇಳಿದ್ರೆ, ಎಡೆ ಇಟ್ಟು ಕಾಗೆಗೆ ಕಾಯೋದ್ರಲ್ಲಿ ಒಂದು ಘನತೆ ಇದೆ, ಉತ್ತರ ಬಂದೇ ಬರತ್ತೆ ಅನ್ನೋ ಗ್ಯಾರಂಟಿ ಅಲ್ಲಿಲ್ಲ. ಆದ್ರೆ ಮಗನ್ನ ಕಳ್ಕೊಂಡ ತಾಯಿ ಆ ವಿಡಿಯೋ ನೋಡ್ತಾಳೆ ಅಂದ್ರೆ ನಾನ್ಯಾರು ಬೇಡ ಅನ್ನೋಕೆ.

ಮೂನ್‌ಕೇಕ್ ಹಬ್ಬಕ್ಕೂ ಟೆಕ್ನಾಲಜಿಗೂ ಏನು ಸಂಬಂಧ?

ಶರತ್ಕಾಲದ ಹುಣ್ಣಿಮೆಗೆ ಮೂನ್‌ಕೇಕ್ ಹಂಚ್ತಾರೆ, 2025ರಲ್ಲಿ ಅದು ನಮ್ಮ ಶೀಗಿ ಹುಣ್ಣಿಮೆ ಹೊತ್ತಿಗೇ ಬಂತು, ಅಕ್ಟೋಬರ್ 6. ಡಬ್ಬಿ ಬದಲು ಕೂಪನ್ ಕೊಡೋದು, ಅದೂ ಈಗ ಫೋನಲ್ಲಿ. ಒಂದು ಕಥೆ ಮಾತ್ರ ಹೇಳ್ಬೇಕು: 2016ರಲ್ಲಿ ಅಲಿಬಾಬಾದಲ್ಲಿ ಉದ್ಯೋಗಿಗಳಿಗೆ ಮಿಕ್ಕಿದ ಮೂನ್‌ಕೇಕ್ ಡಬ್ಬಿ ಆನ್‌ಲೈನಲ್ಲಿ ಮಾರೋಕಿಟ್ಟಾಗ ಸೆಕ್ಯುರಿಟಿ ವಿಭಾಗದ ನಾಲ್ಕು ಇಂಜಿನಿಯರ್‌ಗಳು ಪ್ರೋಗ್ರಾಂ ಬರೆದು 124 ಡಬ್ಬಿ ಬುಕ್ ಮಾಡ್ಕೊಂಡ್ರು. ಕೆಲಸ ಹೋಯ್ತು. ಒಳಗೆ ಕಮಲದ ಬೀಜದ ಗಟ್ಟಿ ಹೂರಣ ಇರೋ ಆ ಕೇಕಿಗೋಸ್ಕರ ಕೆಲಸ ಕಳ್ಕೊಂಡೋರ ಬಗ್ಗೆ ನನಗೆ ಕನಿಕರಕ್ಕಿಂತ ಆಶ್ಚರ್ಯನೇ ಜಾಸ್ತಿ, ನಾನು ಅರ್ಧ ತಿನ್ನೋದ್ರೊಳಗೆ ಸಾಕು ಅಂತಿದ್ದೆ.

ನಂಗೆ ಚೀನಾದಲ್ಲಿ ಸಪ್ಲೈಯರ್ ಇದಾರೆ, ಹಬ್ಬಕ್ಕೆ ಏನು ಕಳಿಸ್ಲಿ?

ಮೊದಲು ನಿಮ್ಮ ಆರ್ಡರ್ ಕಳಿಸಿ, ಹಬ್ಬಕ್ಕೆ ಎರಡು ತಿಂಗಳು ಮುಂಚೆನೇ. ಸರ್ಕಾರಿ ರಜೆ ಎಂಟೋ ಒಂಬತ್ತೋ ದಿನ ಇದ್ರೂ ಫ್ಯಾಕ್ಟರಿಲಿ ಕೆಲಸದೋರು ಮುಂಚೆನೇ ಊರಿಗೆ ಹೋಗಿ ನಿಧಾನಕ್ಕೆ ವಾಪಸ್ ಬರ್ತಾರೆ, ಮೂರು ನಾಲ್ಕು ವಾರ ಏನೂ ಅಲ್ಲಾಡಲ್ಲ, ಎಸ್.ಪಿ. ರೋಡಿನೋರಿಗೆ ಇದು ಚೆನ್ನಾಗಿ ಗೊತ್ತು. ಇನ್ನು ವೀಚಾಟ್ ಲಕೋಟೆ ನೀವು ಇಲ್ಲಿಂದ ಕಳಿಸೋಕಾಗಲ್ಲ, 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಬ್ಯಾನ್ ಮಾಡಿದ 59 ಆಪ್‌ಗಳಲ್ಲಿ ಅದೂ ಒಂದು. ಹಂಗಾಗಿ ಫೋನ್ ಮಾಡಿ, "ಗೊಂಗ್‌ಶಿ ಫಾಚಾಯ್" ಅನ್ನಿ, ಸಪ್ಲೈಯರ್ ಶೆನ್‌ಝೆನ್ ಗ್ವಾಂಗ್‌ಝೌ ಕಡೆ ಹಳಬರಾಗಿದ್ರೆ "ಗೊಂಗ್ ಹೇ ಫಾತ್ ಚೊಯ್" ಅನ್ನಿ. ಉಚ್ಚಾರ ತಪ್ಪಾದ್ರೂ ಪರವಾಗಿಲ್ಲ, ಆ ಕಡೆಯಿಂದ ನಗು ಕೇಳ್ಸತ್ತೆ, ಆಮೇಲೆ ಪೆಂಡಿಂಗ್ ಬಿಲ್ ವಿಷಯನೂ ಕೇಳ್ತಾರೆ.